ಸಾಲ ಕೇಳುವ ಗೆಳೆಯನಿಗೆ ಉತ್ತರ ಬರೆದುಕೊಡುವ ಎಐ ಆ್ಯಪ್: ಬರವಣಿಗೆ ಸುಮಾರು, ಪ್ರಾಕ್ಟೀಸ್ ಪರವಾಗಿಲ್ಲ

ಮೆಸೇಜ್ ಬರೆದುಕೊಡುವ ಎಐ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ನಾನು ಬಳಸಿದ್ದು ಅವುಗಳಲ್ಲೊಂದರ ಫ್ರೀ ಆವೃತ್ತಿ. ಕೆಲಸ ಇಷ್ಟೇ: ಹಾಸ್ಟೆಲ್ ಕಾಲದ ಗೆಳೆಯನಿಗೆ ಕೈಸಾಲ ಕೊಡಲ್ಲ ಅನ್ನಬೇಕು, ಸ್ನೇಹ ಕೆಡಬಾರದು. ಅವನು ಕೆಟ್ಟವನೇನಲ್ಲ. ಹಣ ಕೈಗೆ ಬಂದ ಮೇಲೆ ಫೋನ್ ಎತ್ತುವುದಿಲ್ಲ, ಅಷ್ಟೇ. ಮತ್ತೆ ಬೇಕಾದಾಗ ತಾನೇ ಮಾಡುತ್ತಾನೆ.

ಮೊದಲ ಡ್ರಾಫ್ಟ್ ನೋಡಿ ನಗು ಬಂತು. ‘ಆತ್ಮೀಯ ಮಿತ್ರರೇ, ತಮ್ಮ ಕೋರಿಕೆಯನ್ನು ಈಡೇರಿಸಲು ಸಾಧ್ಯವಾಗದಿರುವುದಕ್ಕೆ ವಿಷಾದಿಸುತ್ತೇನೆ’ ಅಂತ ಶುರುವಾಗಿತ್ತು. ನನ್ನನ್ನು ‘ಲೋ’ ಅಂತಲೇ ಕರೆಯುವವನಿಗೆ ಇದನ್ನು ಕಳಿಸಿದರೆ, ನನ್ನ ಫೋನ್ ಯಾರೋ ಕದ್ದಿದ್ದಾರೆ ಅಂದುಕೊಳ್ಳುತ್ತಾನೆ. ಏಕವಚನದಲ್ಲಿ ಬರೆ ಅಂದೆ, ಭಾಷೆ ಸರಿಹೋಯಿತು. ವಿಷಯ ಸರಿಹೋಗಲಿಲ್ಲ. ‘ಈ ತಿಂಗಳು ಖರ್ಚು ಜಾಸ್ತಿ ಇದೆ ಕಣೋ’ ಅಂತ ಬರೆದುಕೊಟ್ಟಿತು. ಇದನ್ನು ಓದಿದವನು ಮುಂದಿನ ತಿಂಗಳು ಫೋನ್ ಮಾಡದೇ ಇರುತ್ತಾನಾ? ಕಾರಣ ಕೊಡಬೇಡ, ಮುಂದೆ ನೋಡೋಣ ಅನ್ನಬೇಡ, ಸಾರಿ ಒಂದೇ ಸಲ ಸಾಕು ಅಂತ ಒಂದೊಂದೇ ಹೇಳಿಕೊಡಬೇಕಾಯಿತು. ಅಷ್ಟು ಹೇಳಿಕೊಡುವ ಹೊತ್ತಿಗೆ ನಾನೇ ಬರೆದು ಮುಗಿಸಬಹುದಿತ್ತು.

ಇನ್ನೊಂದು ಸಲಹೆಯಂತೂ ಅಪಾಯದ್ದು. ಹಣ ಕೊಡಲು ಇಷ್ಟವಿಲ್ಲದಿದ್ದರೆ ಅವನು ಬ್ಯಾಂಕಿನಲ್ಲಿ ಸಾಲ ತೆಗೆಯಲಿ, ನೀವು ಜಾಮೀನು ಹಾಕಿ ಅಂತು! ಅವನು ಕಂತು ಕಟ್ಟದಿದ್ದರೆ ಬ್ಯಾಂಕ್ ಹಿಡಿಯುವುದು ಜಾಮೀನು ಹಾಕಿದವನನ್ನೇ. ಕೈಸಾಲವಾದರೆ ಕೊಟ್ಟಷ್ಟು ಹೋಗುತ್ತದೆ. ಇಲ್ಲಿ ಬಡ್ಡಿಯೂ ನಮ್ಮ ತಲೆಗೆ ಬರಬಹುದು. ನಾಳೆ ನಮಗೇ ಸಾಲ ಬೇಕಾದಾಗಲೂ ಇದು ಅಡ್ಡ ಬರುತ್ತದೆ. ಕೈಸಾಲ ತೀರಿಸದವನಿಗೆ ಇಂಥ ಸಹಾಯ ಯಾರು ಮಾಡುತ್ತಾರೆ? ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ.

ಆದರೂ ಆ್ಯಪ್ ತೆಗೆದುಹಾಕಿಲ್ಲ. ಅದರಲ್ಲಿ ಮಾತಾಡಿಯೂ ಪ್ರಾಕ್ಟೀಸ್ ಮಾಡಬಹುದು. ನಮ್ಮವನು ಮೆಸೇಜ್‌ನಲ್ಲಿ ಹಣ ಕೇಳುವ ಆಸಾಮಿಯೇ ಅಲ್ಲ. ಫೋನ್ ಮಾಡುತ್ತಾನೆ, ಇಲ್ಲವೇ ಎದುರಿಗೇ ಬಂದು ಕೂರುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ. ಮಹದಿ ರೊಘಾನಿಜಾದ್ ಮತ್ತು ವನೆಸ್ಸಾ ಬಾನ್ಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರು ನಿಂತು ಕೇಳಿದ್ದು ಇಮೇಲ್‌ನಲ್ಲಿ ಕೇಳಿದ್ದಕ್ಕಿಂತ 34 ಪಟ್ಟು ಫಲ ಕೊಟ್ಟಿತ್ತು. ಅಲ್ಲಿ ಕೇಳಿದ್ದು ಅಪರಿಚಿತರನ್ನು, ಅದೂ ಒಂದು ಸರ್ವೆ ತುಂಬಿಕೊಡಿ ಅಂತ. ಹಳೇ ಗೆಳೆಯ ಎದುರಿಗಿದ್ದರೆ ಕೇಳಬೇಕೇ?

ಹಾಗಾಗಿ ಆ್ಯಪ್‌ಗೆ ‘ನೀನೇ ನನ್ನ ಗೆಳೆಯ, ಹಣ ಕೇಳು’ ಅಂದೆ. ‘ಸರಿ, ಅರ್ಥವಾಯಿತು, ಧನ್ಯವಾದ’ ಅಂತ ಮೊದಲ ಸಲಕ್ಕೇ ಸೋಲೊಪ್ಪಿತು. ಇಂಥ ಗೆಳೆಯ ಸಿಕ್ಕಿದ್ದರೆ ನನಗೆ ಆ್ಯಪ್ ಯಾಕೆ ಬೇಕಿತ್ತು! ಆಮೇಲೆ ನಮ್ಮವನ ಮಾತುಗಳನ್ನೇ ಅದಕ್ಕೆ ತುಂಬಿಸಿದೆ. ‘ಎರಡೇ ದಿನ ಮಗಾ’, ‘ಅರ್ಧನಾದ್ರೂ ಕೊಡು’, ‘ನೀನೂ ಹೀಗಂದ್ರೆ ಹೆಂಗೋ’. ಈಗ ಆಟ ಕಳೆಗಟ್ಟಿತು. ‘ಅರ್ಧನಾದ್ರೂ’ ಅನ್ನುವುದಕ್ಕೆ ನಾಲಿಗೆ ತಡವರಿಸುತ್ತಿತ್ತು. ಕೊನೆಗೆ ಬಾಯಿಗೆ ಕೂತ ಉತ್ತರ ಇದು: ‘ಇಲ್ಲ ಕಣೋ. ಸ್ನೇಹಿತರ ಜೊತೆ ಹಣದ ವ್ಯವಹಾರ ನಿಲ್ಲಿಸಿದ್ದೀನಿ. ಬೇರೆ ಏನಾದ್ರೂ ಸಹಾಯ ಬೇಕಾದ್ರೆ ಹೇಳು.’ ಎಷ್ಟು ಕಾಡಿದರೂ ಇದನ್ನೇ ಹೇಳುವುದು, ಹೊಸದೇನೂ ಸೇರಿಸದೆ. ಗೆಳೆಯ ನಿಜವಾಗಿ ಕೇಳಿದಾಗಲೂ ಇದನ್ನೇ ಹೇಳಿದೆ. ಸ್ವಲ್ಪ ಮುಖ ಊದಿಸಿಕೊಂಡ, ಆಮೇಲೆ ಕ್ರಿಕೆಟ್ ಮಾತಿಗೆ ತಿರುಗಿದ.

ಬಳಸುವವರಿಗೆ ಒಂದು ಮಾತು: ಗೆಳೆಯನ ಹೆಸರು, ನಂಬರ್, ಮನೆಯ ಕಷ್ಟಗಳನ್ನು ಇದರಲ್ಲಿ ಟೈಪ್ ಮಾಡಬೇಡಿ. ‘ಗೆಳೆಯ’ ಅಂದರೆ ಸಾಕು. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ಈ ಕೆಲಸಕ್ಕೆ ದುಡ್ಡು ಕೊಟ್ಟು ದೊಡ್ಡ ಪ್ಲಾನ್ ತೆಗೆದುಕೊಳ್ಳುವುದು ದಂಡ, ಫ್ರೀ ಆವೃತ್ತಿಯೇ ಸಾಕು.