ಕುಶಾಲನಗರದ ರೀಫರ್ (ಫ್ರೀಜರ್ ಗಾಡಿ) ವರ್ಕ್‌ಶಾಪ್: ಮೂರು ಮಳೆಗಾಲ ಆದ್ಮೇಲೆ ಬರೀತಿರೋ ವಿಮರ್ಶೆ

ನಂದು 14 ಅಡಿ ಬಾಕ್ಸಿನ ಫ್ರೀಜರ್ ಗಾಡಿ. ಮಂಗಳೂರಿಂದ ಫ್ರೋಜನ್ ಮೀನು, ಮೈಸೂರಿಂದ ಐಸ್‌ಕ್ರೀಂ ತಂದು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಅಂಗಡಿಗಳಿಗೆ ಹಾಕ್ತೀನಿ. ತಂಪು ಮಾಡೋ ಯೂನಿಟ್ಟು ಡೈರೆಕ್ಟ್ ಡ್ರೈವ್, ಅಂದ್ರೆ ಗ್ಯಾಸ್ ಒತ್ತೋ ಕಂಪ್ರೆಸರ್ ಗಾಡಿ ಇಂಜಿನ್ ಬೆಲ್ಟಿಂದಾನೇ ತಿರುಗುತ್ತೆ, ಬಿಸಿ ಹೊರಗೆ ಬಿಡೋ ಕಂಡೆನ್ಸರ್ ಕ್ಯಾಬಿನ್ ಮೇಲೆ, ಕೂಲಿಂಗ್ ಕಾಯಿಲ್ ಬಾಕ್ಸ್ ಒಳಗೆ. ತಂಪು ಮಾಡೋಕೆ ಪೈಪಲ್ಲಿ ಸುತ್ತೋ ಗ್ಯಾಸ್ ಆರ್404ಎ.

ಈ ವರ್ಕ್‌ಶಾಪಿಗೆ ಬರೋಕೆ ಮುಂಚೆ ಬೇರೆ ಕಡೆ ಒಂದೇ ವರ್ಷದಲ್ಲಿ ನಾಲ್ಕು ಸಲ ಗ್ಯಾಸ್ ಹಾಕಿಸಿದ್ದೆ. ಪ್ರತಿ ಸಲಾನೂ ಅದೇ ಕಥೆ, ಹೋದ ತಕ್ಷಣ ಸಿಲಿಂಡರ್ ನೆಟ್ಟಗೆ ನಿಲ್ಸಿ ಪೈಪ್ ಸಿಗ್ಸಿ, ಸೈಟ್ ಗ್ಲಾಸಲ್ಲಿ (ಪೈಪಲ್ಲಿರೋ ಗಾಜಿನ ಕಿಂಡಿ) ಗುಳ್ಳೆ ಹೋಗೋವರೆಗೂ ಹಾಕಿ ದುಡ್ಡು ಇಸ್ಕೊಂಡು ಕಳಿಸೋರು, ಎರಡು ತಿಂಗಳು ಚೆನ್ನಾಗಿರೋದು, ಆಮೇಲೆ ಮತ್ತೆ ಬಾಕ್ಸು ಮೈನಸ್ 9ರಿಂದ ಕೆಳಗೇ ಇಳಿಯಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳೀಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತಲ್ಲ, ಆ ಎರಡು ತಿಂಗಳೇ ಫ್ರೋಜನ್ ಮೀನಿಗೆ ಬೇಡಿಕೆ ಜಾಸ್ತಿ, ಆಗಲೇ ಸಂಪಾಜೆ ಘಾಟಿ ಹತ್ತುವಾಗ ಯೂನಿಟ್ಟು ಕೈ ಕೊಡ್ತು. ಜೋಡುಪಾಲದ ಹತ್ರ ನಿಲ್ಸಿ ಬಾಗಿಲು ತೆಗೆದ್ರೆ ಮೇಲಿನ ಪೆಟ್ಟಿಗೆ ಎಲ್ಲ ಮೆತ್ತಗಾಗಿ ನೀರು ಬಿಟ್ಟಿತ್ತು. ಅವತ್ತಿನ ಲೋಡ್ ಯಾರಿಗೂ ಕೊಡಲಿಲ್ಲ. ಕರಗಿದ ಮೀನನ್ನ ಮತ್ತೆ ಗಟ್ಟಿ ಮಾಡಿ ಮಾರೋ ಕೆಲಸ ನಂಗೆ ಬೇಡ.

ಇಲ್ಲಿಗೆ ತಂದಾಗ ಮೆಕ್ಯಾನಿಕ್ ಮೊದಲು ಕೇಳಿದ್ದೇ, "ಅಣ್ಣ, ಗ್ಯಾಸ್ ಏನು ಡೀಸೆಲ್ಲಾ ಉರಿದು ಖಾಲಿ ಆಗೋಕೆ? ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ." ಉಳಿದಿದ್ದ ಗ್ಯಾಸನ್ನ ಗಾಳಿಗೆ ಬಿಡ್ಲಿಲ್ಲ, ಮಷೀನ್ ಇಟ್ಟು ಬೇರೆ ಸಿಲಿಂಡರಿಗೆ ಎಳ್ಕೊಂಡ್ರು. ಒಂದು ಕೇಜಿ ಆರ್404ಎ ಹೊರಗೆ ಹೋದ್ರೆ ಭೂಮಿ ಬಿಸಿ ಮಾಡೋದ್ರಲ್ಲಿ ಸುಮಾರು 3,900 ಕೇಜಿ ಇಂಗಾಲದ ಡೈಆಕ್ಸೈಡಿಗೆ ಸಮ. 2018ರ ಆಗಸ್ಟಲ್ಲಿ ಮದೆನಾಡು, ಜೋಡುಪಾಲದ ಗುಡ್ಡ ಜರಿದಿದ್ದನ್ನ ಕಣ್ಣಾರೆ ಕಂಡವನು ನಾನು, ಮಳೆ ಲೆಕ್ಕ ತಪ್ತಿರೋ ಈ ಕಾಲದಲ್ಲಿ ಅಷ್ಟು ಎಚ್ಚರಿಕೆ ತಗೊಳ್ಳೋರನ್ನ ನೋಡಿ ನಿಜವಾಗ್ಲೂ ಖುಷಿಯಾಯ್ತು.

ಆಮೇಲೆ ನೈಟ್ರೋಜನ್ ತುಂಬಿ, ಸೋಪು ನೀರು ಹಚ್ಕೊಂಡು ಒಂದೊಂದೇ ಜಾಯಿಂಟ್ ನೋಡಿದ್ರು. ಕ್ಯಾಬಿನ್ ಹಿಂದೆ ಪೈಪ್ ಹಿಡಿಯೋ ಕ್ಲಾಂಪೇ ಇರಲಿಲ್ಲ, ಘಾಟಿ ರಸ್ತೇಲಿ ಅದುರಿ ಅದುರಿ ತಾಮ್ರದ ಪೈಪಲ್ಲಿ ಕೂದಲೆಳೆ ಬಿರುಕು, ಸುತ್ತ ಎಣ್ಣೆ ಜಿಡ್ಡು. ಎಣ್ಣೆ ಎಲ್ಲಿ ಒಸರುತ್ತೋ ಗ್ಯಾಸೂ ಅಲ್ಲೇ ಹೋಗ್ತಿರುತ್ತೆ, ಈಗ ನಾನೂ ವಾರಕ್ಕೊಂದ್ಸಲ ಟಾರ್ಚ್ ಹಿಡ್ಕೊಂಡು ಅದನ್ನೇ ನೋಡ್ತೀನಿ. ಬ್ರೇಜಿಂಗ್ (ಬಿಸಿ ಮಾಡಿ ಬೆಸುಗೆ) ಮಾಡುವಾಗ ಪೈಪ್ ಒಳಗೆ ನೈಟ್ರೋಜನ್ ಹರಿಸ್ತಾನೇ ಇದ್ರು, ಇಲ್ಲಾಂದ್ರೆ ಒಳಗೆ ಕರೀ ಪೊರೆ ಕಟ್ಟಿ ಅದು ಎದ್ದು ಹೋಗಿ ಗ್ಯಾಸನ್ನ ಸಣ್ಣ ತೂತಿಂದ ಬಿಡೋ ಎಕ್ಸ್‌ಪ್ಯಾನ್ಷನ್ ವಾಲ್ವಲ್ಲಿ ಸಿಕ್ಕೊಳ್ಳುತ್ತಂತೆ. ತೇವ, ಕಸ ಹಿಡಿಯೋ ಫಿಲ್ಟರ್ ಡ್ರೈಯರ್ ಹೊಸದು ಹಾಕಿದ್ರು.

ನಂಗೆ ಇವರ ಮೇಲೆ ನಂಬಿಕೆ ಬಂದಿದ್ದು ವ್ಯಾಕ್ಯೂಮ್ ಮಾಡುವಾಗ, ಅಂದ್ರೆ ಪೈಪೊಳಗಿನ ಗಾಳಿ, ತೇವನ ಪಂಪಿಂದ ಎಳೆಯುವಾಗ. ಹಳೇ ಕಡೆ ಗೇಜಿನ ಮುಳ್ಳು ನೋಡಿ "ಆಯ್ತು" ಅಂತಿದ್ರು. ಇವರು ಹೇಳಿದ್ರು, ಮಂಗಳೂರಲ್ಲಾದ್ರೆ ಮುಳ್ಳು 30 ಇಂಚಿನ (ಪಾದರಸದ ಲೆಕ್ಕ) ಹತ್ರ ಹೋಗುತ್ತೆ, ಕುಶಾಲನಗರ ಎತ್ತರದಲ್ಲಿದ್ದು ಗಾಳಿ ಒತ್ತಡ ಕಮ್ಮಿ ಇರೋದ್ರಿಂದ 27ರ ಆಸುಪಾಸು ನಿಲ್ಲುತ್ತೆ, ಮಡಿಕೇರೀಲಿ 26, ಪಂಪ್ ಎಷ್ಟೇ ಒಳ್ಳೇದಿದ್ರೂ ಅಷ್ಟೇ. ಅದೂ ಅಲ್ದೆ ಒಂದು ಇಂಚು ಅಂದ್ರೆ 25,400 ಮೈಕ್ರಾನ್, ಪೈಪಲ್ಲಿ ಉಳಿಯೋ ಒತ್ತಡ 500 ಮೈಕ್ರಾನ್ ಒಳಗೆ ಇರ್ಬೇಕು, ಅದನ್ನ ಮುಳ್ಳು ತೋರ್ಸೋಕೆ ಸಾಧ್ಯಾನೇ ಇಲ್ಲ. ಮೈಕ್ರಾನ್ ಗೇಜೇ ಬೇಕು. ಅವತ್ತು 450ಕ್ಕೆ ಇಳಿಸಿ ವಾಲ್ವ್ ಮುಚ್ಚಿದ್ರು, ಹತ್ತು ನಿಮಿಷದಲ್ಲಿ 1,800ಕ್ಕೆ ಏರಿ ಅಲ್ಲೇ ನಿಂತುಬಿಡ್ತು. ಏರ್ತಾನೇ ಹೋದ್ರೆ ಲೀಕು, ಏರಿ ನಿಂತ್ರೆ ಒಳಗೆ ನೀರಿನಂಶ. ಕಂಪ್ರೆಸರಿನ ಪಿಒಇ ಅನ್ನೋ ಸಿಂಥೆಟಿಕ್ ಎಣ್ಣೆ ತೇವ ಹೀರ್ಕೊಳ್ಳೋದ್ರಲ್ಲಿ ಉಪ್ಪಿನ ಥರ, ನಮ್ಮ ಜುಲೈ ಗಾಳೀಲಿ ಕೇಳ್ಬೇಕಾ. ಪಂಪಿನ ಎಣ್ಣೆ ಹಾಲಿನ ಥರ ಬೆಳ್ಳಗಾಗಿತ್ತು, ಬದಲಾಯ್ಸಿ, ನೈಟ್ರೋಜನ್ ಬಿಟ್ಟು ಮತ್ತೆ ಎಳೆದು, ಮಾರನೇ ದಿನ 500ರ ಒಳಗೇ ನಿಂತ ಮೇಲೆ ಗ್ಯಾಸ್. ಸಿಲಿಂಡರ್ ತಲೆಕೆಳಗೆ ಮಾಡಿ ಲಿಕ್ವಿಡ್ಡಾಗೇ, ತಕ್ಕಡಿ ಮೇಲಿಟ್ಟು, ಯೂನಿಟ್ಟಿನ ಪ್ಲೇಟಲ್ಲಿ ಬರೆದಷ್ಟೇ ತೂಕ. ಆರ್404ಎ ಮೂರು ಗ್ಯಾಸಿನ ಮಿಶ್ರಣ, ಆವಿಯಾಗಿ ಎಳೆದ್ರೆ ಪ್ರಮಾಣ ಏರುಪೇರಾಗುತ್ತೆ.

ಮೂರು ವರ್ಷದಲ್ಲಿ ಆಮೇಲೆ ಒಂದೇ ಸಲ ಗ್ಯಾಸ್ ಕಮ್ಮಿ ಆಗಿದ್ದು. ಅದು ನನ್ನ ತಪ್ಪು, ಅಪ್ಪನಿಗೆ ಹುಷಾರಿಲ್ದೆ ಗಾಡಿ ಒಂದೂವರೆ ತಿಂಗಳು ಶೆಡ್ಡಲ್ಲೇ ನಿಂತಿತ್ತು, ಕಂಪ್ರೆಸರ್ ಶಾಫ್ಟ್ ಸೀಲ್ ಒಣಗಿ ಒಸರೋಕೆ ಶುರುವಾಯ್ತು. ಲೋಡ್ ಇಲ್ದಿದ್ರೂ ವಾರಕ್ಕೊಂದ್ಸಲ 15 ನಿಮಿಷ ಯೂನಿಟ್ ಓಡಿಸಿ, ಸೀಲಿಗೆ ಎಣ್ಣೆ ಮುಟ್ಟುತ್ತೆ.

ಬೇಜಾರಿನ ವಿಷಯಾನೂ ಹೇಳ್ಬೇಕು. ದುಬಾರಿ, ಮೊದಲ ಬಿಲ್ಲು ನಾಲ್ಕು ಸಲ ಗ್ಯಾಸ್ ಹಾಕಿಸಿದ್ದಕ್ಕಿಂತ ಜಾಸ್ತಿ ಬಂತು. ತೇವ ಒಳಗೆ ಹೋಗುತ್ತೆ ಅಂತ ಜೋರು ಮಳೇಲಿ ಗ್ಯಾಸ್ ಪೈಪಿನ ಸರ್ಕ್ಯೂಟ್ ಬಿಚ್ಚೋದೇ ಇಲ್ಲ, ಒಂದ್ಸಲ ಮೂರು ದಿನ ಕಾಯ್ಸಿದ್ರು, ಆಗ ಕೋಪ ಬಂದಿತ್ತು. ಸೀಲ್ ಬೆಂಗಳೂರಿಂದ ಬರೋಕೆ ನಾಲ್ಕು ದಿನ. ರಾತ್ರಿ ಫೋನ್ ಎತ್ತಲ್ಲ, ಮೀನಿನ ಗಾಡಿಯೋರಿಗೆ ಇದು ದೊಡ್ಡ ತೊಂದರೆ, ದಯವಿಟ್ಟು ಒಬ್ಬರನ್ನಾದ್ರೂ ಇಡಿ.

ಈಗ ಬಾಕ್ಸು ಖಾಲಿ ಇದ್ದಾಗ ಮೈನಸ್ 20ಕ್ಕೆ ಆರಾಮಾಗಿ ಇಳಿಯುತ್ತೆ, ಸೈಟ್ ಗ್ಲಾಸಿನ ತೇವದ ಚುಕ್ಕಿ ಹಸಿರಾಗೇ ಇದೆ, ಅಂದ್ರೆ ಒಳಗೆ ತೇವ ಇಲ್ಲ. ಈ ಸಲ ಮಳೆ ಹಿಡಿಯೋಕೆ ಮುಂಚೇನೇ ಹೋಸ್ ಎರಡು ಬದಲಾಯ್ಸೋಕೆ ಮೇ ಮೂರನೇ ವಾರ ಬರ್ತೀನಿ ಅಂತ ಹೇಳಿಟ್ಟಿದೀನಿ.