ಬೂಟ್‌ಸ್ಟ್ರಾಪ್, ಫ್ಲೆಕ್ಸ್‌ಬಾಕ್ಸ್, ಗ್ರಿಡ್: ಒಂದ ಪೇಜು ಮೂರು ಥರ ಕಟ್ಟಿ ನೋಡಿದ್ದು

ಇಳಕಲ್‌ದಾಗ ನಮ್ಮ ಕಾಕಾನ ಸೀರಿ ಅಂಗಡಿಗೆ ಒಂದು ವೆಬ್ ಪೇಜ್ ಬೇಕಿತ್ತು. ಮ್ಯಾಲ ಹೆಸರು, ಮೆನು, ನಡುವ ಸೀರಿ ಫೋಟೋ ಮತ್ತ ರೇಟು, ಬಾಜೂಕ ಅಡ್ರೆಸ್ಸು, ಅಂಗಡಿ ಟೈಮು, ಇಷ್ಟ. ಪೇಜು ಹೆಂಗ ಕಾಣಬೇಕು ಅಂತ ಹೇಳೋ ಕೋಡು ಸಿಎಸ್ಎಸ್; ಅದರಾಗ ಫ್ಲೆಕ್ಸ್‌ಬಾಕ್ಸ್ ಸಾಲಿನಾಗ ಜೋಡಸೋ ರೀತಿ, ಗ್ರಿಡ್ ಅಡ್ಡ-ಉದ್ದ ಮನಿ ಹಾಕಿ ಜೋಡಸೋ ರೀತಿ, ಬೂಟ್‌ಸ್ಟ್ರಾಪ್ ಮೊದಲ ಬರದಿಟ್ಟ ರೆಡಿಮೇಡ್ ಕೋಡು. ಕಾಕಾನ ಪೇಜನ್ನ ಈ ಮೂರು ಥರ ಕಟ್ಟಿ, ಸಣ್ಣ ಫೋನ್‌ನ್ಯಾಗ ನೋಡೇನಿ, ಮೌಸ್ ಮುಟ್ಟದ ಬರೀ ಟ್ಯಾಬ್ ಕೀ ಒತ್ತಿ ತಿರುಗಾಡೇನಿ, ಆಮ್ಯಾಲ ಟಾಕ್‌ಬ್ಯಾಕ್ (ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್, ಸ್ಕ್ರೀನಿನ ಮ್ಯಾಲಿದ್ದದ್ದು ಓದಿ ಹೇಳೋದು) ಚಾಲೂ ಮಾಡಿ ಕಣ್ಣು ಮುಚ್ಚಿ ಕೇಳೇನಿ. ಹೊಸದಾಗಿ ಕಲಿಯೋರಿಗೆ ನನ್ನ ವೋಟು ಗ್ರಿಡ್‌ಗೆ, ಆದ್ರ ಅದರಾಗ ಒಂದು ಕಡೆ ಹುಷಾರಿರಬೇಕು.

ಬೂಟ್‌ಸ್ಟ್ರಾಪ್ ಎಲ್ಲಾಕ್ಕಿಂತ ಜಲ್ದಿ ಆತು. 12 ಕಾಲಮ್ಮಿನ ಲೆಕ್ಕ, ಕ್ಲಾಸ್ ಹೆಸರು ಬರದ್ರ ಪೇಜು ತಾನ ಕುಂಡ್ರತೈತಿ. ಫೋನ್‌ನ್ಯಾಗ ಮೆನು ತೆಗಿಯೋ ಬಟನ್ನು ತೆರದೈತೋ ಮುಚ್ಚೈತೋ ಅಂತ ಸ್ಕ್ರೀನ್ ರೀಡರ್‌ಗೆ ಹೇಳೋ ಕೆಲಸ ಅದ ಮಾಡ್ತೈತಿ, ಅದು ಖರೇನ ದೊಡ್ಡ ಉಪಕಾರ. ಆದ್ರ ಇಷ್ಟು ಸಣ್ಣ ಪೇಜಿಗೆ ಅಷ್ಟೂ ಸಿಎಸ್ಎಸ್ ಹೊರಬೇಕು, ಮತ್ತ ಯಾಕ ಹಂಗ ಕುಂತತು ಅನ್ನೋದು ಕಲಿಯೋರಿಗೆ ತಿಳಿಯೂದುಲ್ಲ. ಅದರ ಒಳಗ ಓಡೋದೂ ಫ್ಲೆಕ್ಸ್‌ಬಾಕ್ಸ್ ನೋಡ್ರಿ.

ಬರೀ ಫ್ಲೆಕ್ಸ್‌ಬಾಕ್ಸ್ ಮೆನುಗೆ ಭಾಳ ಚಂದ. ಒಂದು ಸಾಲು, ನಡುವ ಗ್ಯಾಪು, ಜಾಗ ಸಾಲದಿದ್ರ ಕೆಳಗ ಇಳಿ ಅಂದ್ರ ಇಳಿತೈತಿ. ಸೀರಿ ಫೋಟೋಕ್ಕ ಮಾತ್ರ ಒಗ್ಗಲಿಲ್ಲ, ಇದ್ದ ಜಾಗ ತುಂಬಿಕೋ ಅಂದಿದ್ದಕ್ಕ ಕಡೀ ಸಾಲಿನಾಗ ಉಳಿದ ಒಂದ ಸೀರಿ ಇಡೀ ಅಗಲಕ್ಕ ಹಿಗ್ಗತೈತಿ.

ಗ್ರಿಡ್ ಅಲ್ಲೇ ಗೆಲ್ಲತೈತಿ. 2017ರಾಗ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಎಲ್ಲಾದ್ರಾಗೂ ಬಂದೈತಿ, ಅದಕ್ಕ ಹಳೇ ಫೋನಿನ ಚಿಂತಿ ಅಷ್ಟು ಬ್ಯಾಡ. ರಿಪೀಟ್, ಆಟೋ-ಫಿಟ್, ಮಿನ್‌ಮ್ಯಾಕ್ಸ್ ಈ ಮೂರು ಸೇರಿದ ಒಂದ ಸಾಲು ಬರದ್ರ, ಫೋನ್‌ನ್ಯಾಗ ಒಂದೊಂದ ಸೀರಿ, ಲ್ಯಾಪ್‌ಟಾಪ್‌ನ್ಯಾಗ ಮೂರೋ ನಾಲ್ಕೋ, ಒಂದೂ ಮೀಡಿಯಾ ಕ್ವೆರಿ (ಸ್ಕ್ರೀನಿನ ಅಗಲ ನೋಡಿ ಬ್ಯಾರೆ ನಿಯಮ ಹಚ್ಚೋದು) ಇಲ್ಲದ. ಕನಿಷ್ಠ ಅಗಲ 300 ಪಿಕ್ಸೆಲ್ ಅಂತ ಇಟ್ರ ಬಾಜೂಕಿನ ಖಾಲಿ ಜಾಗ (ಪ್ಯಾಡಿಂಗ್) ಸೇರಿ 320 ಪಿಕ್ಸೆಲ್ಲಿನ ಸ್ಕ್ರೀನ್ ದಾಟಿ ಅಡ್ಡ ಸ್ಕ್ರೋಲ್ ಬರತೈತಿ, ಅದಕ್ಕ 300 ಅಥವಾ 100% ಇವೆರಡರಾಗ ಸಣ್ಣದು ತಗೋ ಅಂತ ಮಿನ್ ಹಾಕ್ರಿ. ಆ 320 ಸುಮ್ಮನ ಹೇಳಿದ ನಂಬರ್ ಅಲ್ಲ. 1280 ಅಗಲದ ಸ್ಕ್ರೀನಿಗೆ ದೃಷ್ಟಿ ಕಮ್ಮಿ ಇದ್ದೋರು 400% ಜೂಮ್ ಮಾಡಿದ್ರ ಉಳಿಯೋದು ಅಷ್ಟ, 2018ರ ಡಬ್ಲ್ಯುಸಿಎಜಿ 2.1 (ಎಲ್ಲಾರೂ ಬಳಸೋಹಂಗ ವೆಬ್ ಪೇಜ್ ಮಾಡೋ ಮಾರ್ಗಸೂಚಿ) ಕೇಳೋದೂ ಅದನ್ನ.

ಹುಷಾರಿರಬೇಕು ಅಂದಿದ್ದು ಜಾಗ ಬದಲು ಮಾಡೋದ್ರಾಗ. ಗ್ರಿಡ್‌ನ್ಯಾಗ, ಎಚ್‌ಟಿಎಂಎಲ್‌ನ್ಯಾಗ (ಪೇಜಿನ ವಿಷಯ ಬರಿಯೋ ಕೋಡಿನ್ಯಾಗ) ಕಡೀಕಿರೋ ಅಡ್ರೆಸ್ಸನ್ನ ಮ್ಯಾಲ ತಂದು ಕುಂಡ್ರಸಬಹುದು, ಕಣ್ಣಿಗೆ ಚಂದ ಕಾಣತೈತಿ, ಆದ್ರ ಟಾಕ್‌ಬ್ಯಾಕ್ ಎಲ್ಲಾ ಸೀರಿ ಓದಿ ಮುಗಿಸಿದ ಮ್ಯಾಲನ ಅಂಗಡಿ ಎಲ್ಲೈತಿ ಅಂತ ಹೇಳತೈತಿ. ಟ್ಯಾಬ್ ಕೀನೂ ಹಂಗ, ಕಾಣೋದು ಒಂದು ಕಡೆ, ಹೋಗೋದು ಇನ್ನೊಂದು ಕಡೆ. ಫ್ಲೆಕ್ಸ್‌ಬಾಕ್ಸಿನ ಆರ್ಡರ್, ಬೂಟ್‌ಸ್ಟ್ರಾಪಿನ ಆರ್ಡರ್ ಕ್ಲಾಸು, ಎಲ್ಲಾದ್ರಾಗೂ ಇದ ಕಥಿ. ಅಂಗಡಿಗೆ ಬಂದೋರಿಗೆ ಬಾಯಿಲೆ ಹೆಂಗ ಹೇಳ್ತೀವೋ ಆ ಕ್ರಮದಾಗ ಎಚ್‌ಟಿಎಂಎಲ್ ಬರೀರಿ, ಸಿಎಸ್ಎಸ್ ಆಮ್ಯಾಲ.

ಮೂರರಾಗ ಯಾವುದೂ ಮಾಡಿಕೊಡದ, ನಾವ ಮಾಡಬೇಕಾದ ಕೆಲಸನೂ ಅದಾವ. ಪೇಜಿನ ಲ್ಯಾಂಗ್ (ಯಾವ ಭಾಷೆ ಅನ್ನೋದು) ಕನ್ನಡ ಅಂತ ಬರಿಯೋದು. ಸಾಲಿನ ಎತ್ತರ 1.2 ಇಟ್ರ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗತಾವ, 1.6 ಇಡ್ರಿ. ಬಿಳೇ ಹಿನ್ನೆಲಿ ಮ್ಯಾಲ ಹಳದಿ ಅಕ್ಷರ ಬ್ಯಾಡ, ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲಿ ನಡುವಿನ ಬೆಳಕಿನ ಅಂತರ) 4.5ಕ್ಕ 1 ಆದ್ರೂ ಬೇಕು. ಮತ್ತ ಫೋಟೋದ ಆಲ್ಟ್‌ನ್ಯಾಗ (ಫೋಟೋ ಬದಲು ಓದಿ ಹೇಳೋ ಮಾತಿನ್ಯಾಗ) "ಇಮೇಜ್ ಒಂದು" ಅಂತಲ್ಲ, "ಟೋಪ್ ತೆನಿ ಸೆರಗಿನ ಕೆಂಪು ಇಳಕಲ್ ಸೀರಿ" ಅಂತ ಬರೀರಿ, ಕೇಳಿ ಆರಿಸೋರಿಗೆ ಸೆರಗು ಮೊದಲ ತಿಳೀಬೇಕಲ್ಲ.

ಕಾಕಾನ ಪೇಜಿಗೆ ಈಗ ಹೊರಗ ಗ್ರಿಡ್, ಮೆನುಗೆ ಫ್ಲೆಕ್ಸ್‌ಬಾಕ್ಸ್ ಹಾಕೇನಿ. ನಾಳೆ ಆರ್ಡರ್ ಫಾರ್ಮು, ಪಾಪ್‌ಅಪ್ಪು ಅಂತ ಬೆಳದ್ರ ಬೂಟ್‌ಸ್ಟ್ರಾಪ್ ತರೋಣ.