‘ಒಳಗೆ ಸಿನಿಮಾ ಇಲ್ಲ ಸಾರ್, ಬರೀ ಲಿಂಕು’: 3,200 ರೂಪಾಯಿಯ ಆಂಡ್ರಾಯ್ಡ್ ಬಾಕ್ಸ್

ಹಳೇ ಟಿವಿಯಲ್ಲೂ ಇಂಟರ್ನೆಟ್, ಆ್ಯಪ್ ಓಡಿಸುವ ಒಂದು ಆಂಡ್ರಾಯ್ಡ್ ಬಾಕ್ಸ್ ಬೇಕಿತ್ತು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ 3,200 ಕೊಟ್ಟು ತಂದೆ. ಡಬ್ಬಿಯ ಮೇಲೆ ಒಂದು ಕಂಪನಿ ಹೆಸರು, ಆನ್ ಮಾಡಿದರೆ ಇನ್ನೊಂದು. ಹೋಗಲಿ. ವೈಫೈ ಚೆನ್ನಾಗಿ ಹಿಡಿಯುತ್ತದೆ, ಆದರೆ ಒಂದು ಗಂಟೆ ಓಡಿದ ಮೇಲೆ ಕೈಯಿಟ್ಟರೆ ದೋಸೆ ಕಾವಲಿ.

ಅಂಗಡಿಯವರು ಇದನ್ನು ಮಾರಿದ್ದೇ ಒಂದು ಕೆಂಪು ಆ್ಯಪ್ ತೋರಿಸಿ. ರಿಮೋಟಿನಲ್ಲಿ ಅದಕ್ಕೆ ಬೇರೆ ಬಟನ್ನೇ ಇದೆ. ಒತ್ತಿದರೆ ಹೋದ ಶುಕ್ರವಾರ ಬಿಡುಗಡೆಯಾದ ಸಿನಿಮಾ ಕೂಡ ಸಾಲಾಗಿ ನಿಂತಿರುತ್ತವೆ, ಎಲ್ಲಾ ಪುಕ್ಕಟೆ. ‘ಇದು ತಪ್ಪಲ್ವಾ?’ ಅಂತ ಕೇಳಿದೆ. ‘ಬಾಕ್ಸ್ ಒಳಗೆ ಒಂದು ಸಿನಿಮಾನೂ ಇಲ್ಲ ಸಾರ್, ಬರೀ ಲಿಂಕು. ಅದಕ್ಕೆಲ್ಲ ಕೇಸ್ ಆಗಲ್ಲ’ ಅಂದರು.

ಮನೆಗೆ ಬಂದು ಹೊಸ ಕನ್ನಡ ಸಿನಿಮಾ ಹಾಕಿದೆ. ಥಿಯೇಟರ್ ಪ್ರಿಂಟು. ನಾಯಕನ ಎದೆ ಮೇಲೆ ಬೆಟ್ಟಿಂಗ್ ಜಾಹೀರಾತು ತೇಲುತ್ತಿತ್ತು, ಕ್ಲೈಮ್ಯಾಕ್ಸ್‌ನಲ್ಲಿ ಯಾರೋ ಎದ್ದು ಪರದೆಗೆ ಅಡ್ಡ ಹೋದರು.

‘ಬರೀ ಲಿಂಕು’ ಅನ್ನೋದು ಮಾತ್ರ ತಲೆ ಕೊರೆಯುತ್ತಲೇ ಇತ್ತು. ಹುಡುಕಿದರೆ, ನೆದರ್ಲೆಂಡ್ಸ್‌ನಲ್ಲಿ ಥೇಟ್ ಇಂಥದ್ದೇ ಬಾಕ್ಸ್ ಮಾರಿದವರ ಕೇಸ್ ಯುರೋಪಿಯನ್ ಒಕ್ಕೂಟದ ಕೋರ್ಟಿನ ತನಕ ಹೋಗಿದೆ! ಬಾಕ್ಸಿನ ಹೆಸರು ಫಿಲ್ಮ್‌ಸ್ಪೇಲರ್. ಅದರೊಳಗೂ ಸಿನಿಮಾ ಇರಲಿಲ್ಲ, ಕದ್ದ ಮಾಲಿನ ಸೈಟ್‌ಗಳಿಗೆ ಲಿಂಕ್ ಕೊಡುವ ಆ್ಯಡ್‌ಆನ್‌ಗಳನ್ನು (ಸೇರಿಸಿ ಹಾಕುವ ಪುಟ್ಟ ಸಾಫ್ಟ್‌ವೇರ್) ಮೊದಲೇ ತುಂಬಿದ್ದರು, ಅಷ್ಟೇ. ಗೊತ್ತಿದ್ದೂ ದುಡ್ಡಿಗಾಗಿ ಹೀಗೆ ದಾರಿ ಮಾಡಿಕೊಟ್ಟರೆ ಅದೂ ಕಾಪಿರೈಟ್ ಉಲ್ಲಂಘನೆಯೇ ಅಂತ 2017ರಲ್ಲಿ ಕೋರ್ಟ್ ಹೇಳಿತು. ನೋಡುವವರನ್ನೂ ಸುಮ್ನೆ ಬಿಡಲಿಲ್ಲ, ನೋಡುವಾಗ ಬಾಕ್ಸಿನಲ್ಲಿ ತಾತ್ಕಾಲಿಕವಾಗಿ ಉಳಿಯುವ ಕಾಪಿಗೆ ಕಾನೂನು ಕೊಡುವ ವಿನಾಯಿತಿ ಅವರಿಗೂ ಸಿಗಲ್ಲ ಅಂದಿತು. ಮಾಲೀಕರೇ ಎಲ್ಲರಿಗೂ ತೆರೆದಿಟ್ಟ ಪುಟಕ್ಕೆ ಲಿಂಕ್ ಕೊಟ್ಟರೆ ತಪ್ಪಿಲ್ಲ ಅಂತ 2014ರಲ್ಲಿ ಹೇಳಿದ್ದೂ ಇದೇ ಕೋರ್ಟು.

ನಮ್ಮಲ್ಲಿ? 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯ್ತು. ಲಿಂಕ್ ಕೊಡುವಾಗ ತಾತ್ಕಾಲಿಕವಾಗಿ ಉಳಿಯುವ ಕಾಪಿಗೆ 52ನೇ ಸೆಕ್ಷನ್‌ನಲ್ಲಿ ರಕ್ಷಣೆ ಸಿಕ್ಕಿತು, ಆದರೆ ಅದು ಕದ್ದಿದ್ದು ಅಂತ ಗೊತ್ತಿದ್ದವರಿಗೆ ಈ ರಕ್ಷಣೆ ಇಲ್ಲ. 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೇ ಉಲ್ಲಂಘನೆ ಮಾಡಿದವರಿಗೂ ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ಆ ಆ್ಯಪನ್ನೇ ತೋರಿಸಿ ವ್ಯಾಪಾರ ಮಾಡಿದವರು ನಾಳೆ ‘ನಂಗೇನೂ ಗೊತ್ತಿರಲಿಲ್ಲ’ ಅಂತ ಯಾವ ಬಾಯಲ್ಲಿ ಹೇಳುತ್ತಾರೆ?

ಮೂರನೇ ವಾರಕ್ಕೆ ಆ್ಯಪ್ ನಿಂತೇ ಹೋಯ್ತು. ಫೋನ್ ಮಾಡಿದೆ. ‘ಸೈಟ್ ಬ್ಲಾಕ್ ಆಗಿದೆ ಸಾರ್, ತನ್ನಿ, ಅಪ್‌ಡೇಟ್ ಹಾಕಿಕೊಡ್ತೀವಿ, 500 ಆಗುತ್ತೆ.’ ಇಂಥ ಸೈಟ್‌ಗಳು ವಿಳಾಸ ಬದಲಿಸಿ ಬಂದರೆ ಪ್ರತಿ ಸಲ ಹೊಸ ಕೇಸ್ ಹಾಕದೆಯೇ ಬ್ಲಾಕ್ ಮಾಡಿಸುವ ದಾರಿಯನ್ನು ದೆಹಲಿ ಹೈಕೋರ್ಟ್ 2019ರಲ್ಲೇ ತೆರೆದಿಟ್ಟಿದೆ. ಅಂದರೆ ಈ 500 ಕಟ್ಟುವ ಕೆಲಸಕ್ಕೆ ಕೊನೆಯೇ ಇಲ್ಲ.

ಬಾಕ್ಸ್ ರೀಸೆಟ್ ಮಾಡಿ ಯೂಟ್ಯೂಬ್, ದುಡ್ಡು ಕಟ್ಟುವ ಒಂದು ಒಟಿಟಿ ಹಾಕಿದೆ. ಅಲ್ಲೂ ಕಿರಿಕ್ಕು. ಒಟಿಟಿಗೆ ಬೇಕಾದ ಸರ್ಟಿಫಿಕೇಟ್ ಇಲ್ಲದ ಬಾಕ್ಸ್ ಆದ್ದರಿಂದ ಅದರಲ್ಲಿ ಎಚ್‌ಡಿ ಬರುವುದಿಲ್ಲ, ಮಸುಕು ಮಸುಕು. ಇನ್ನೊಂದಷ್ಟು ಜಾಸ್ತಿ ಕೊಟ್ಟು ಸರಿಯಾದದ್ದನ್ನೇ ತರಬೇಕಿತ್ತು.

ಐದಕ್ಕೆ ಎರಡು ಸ್ಟಾರ್, ಅದರಲ್ಲೂ ಒಂದು ಎಚ್‌ಡಿಎಂಐ ಕೇಬಲ್ ಜೊತೆಗೇ ಕೊಟ್ಟಿದ್ದಕ್ಕೆ. ಕೆಂಪು ಬಟನ್ ರಿಮೋಟಿನಲ್ಲಿ ಹಾಗೇ ಇದೆ. ನಮ್ಮ ಮಾವನವರು ದಿನಾ ಸಂಜೆ ಒಂದ್ಸಲ ಒತ್ತಿ ನೋಡುತ್ತಾರೆ.